ಪುಸ್ತಕದ ಎತ್ತರ ಎಷ್ಟು?

ಮಕ್ಕಳ ಪುಸ್ತಕಗಳಿಗೊಂದು ಕಪಾಟು ಮಾಡಿಸಲು ಹೊರಟರೆ ಬಡಗಿಯ ಮೊದಲ ಪ್ರಶ್ನೆ ಇದು: ಹಲಗೆಗಳ ನಡುವೆ ಎಷ್ಟು ಜಾಗ ಬಿಡಬೇಕು? ಇದಕ್ಕೆ ಉತ್ತರದ ಸುಳಿವು ಗ್ರಂಥಾಲಯದ ಸೂಚಿಯಲ್ಲಿದೆ.

ಸೂಚಿಯ ನಮೂದಿನಲ್ಲಿ ಪುಟಸಂಖ್ಯೆಯ ಜೊತೆಗೆ ‘22 ಸೆಂ.ಮೀ.’ ಎಂಬಂಥ ಅಂಕಿ ಇರುತ್ತದೆ. ಅದು ಪುಸ್ತಕದ ಎತ್ತರ. 21.2 ಸೆಂ.ಮೀ. ಇದ್ದರೂ ಮುಂದಿನ ಪೂರ್ಣಾಂಕಕ್ಕೆ ಏರಿಸಿ 22 ಎಂದೇ ಬರೆಯುವುದು ನಿಯಮ. ಅಗಲವನ್ನು ಕಾಣಿಸುವುದು ಎರಡೇ ಸಂದರ್ಭಗಳಲ್ಲಿ: ಅದು ಎತ್ತರಕ್ಕಿಂತ ಹೆಚ್ಚಿದ್ದಾಗ, ಇಲ್ಲವೇ ಎತ್ತರದ ಅರ್ಧಕ್ಕಿಂತ ಕಡಿಮೆ ಇದ್ದಾಗ. ದಪ್ಪದ ಲೆಕ್ಕ ಸಾಮಾನ್ಯವಾಗಿ ಇರುವುದಿಲ್ಲ.

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2017ರಲ್ಲಿ ತನ್ನ ಸೂಚಿಯ ಎರಡೂವರೆ ಕೋಟಿ ನಮೂದುಗಳನ್ನು ಉಚಿತವಾಗಿ ಒದಗಿಸಿತು. ಯಾವ ಎತ್ತರದ ಪುಸ್ತಕಗಳು ಎಷ್ಟಿವೆಯೆಂದು ಕಂಪ್ಯೂಟರಿನಿಂದ ಎಣಿಸಲು ಇದರಿಂದ ದಾರಿಯಾಯಿತು.

ಪುಸ್ತಕಗಳ ಎತ್ತರ ಕೆಲವೇ ಅಂಕಿಗಳ ಸುತ್ತ ಗುಂಪುಗೂಡಲು ಮುಖ್ಯ ಕಾರಣ ಕಾಗದದ ಅಳತೆ. 15×20 ಅಂಗುಲದ ಕ್ರೌನ್ ಹಾಳೆಯನ್ನು ಮೂರು ಸಲ ಮಡಿಸಿದರೆ ಏಳೂವರೆ ಅಂಗುಲ ಎತ್ತರದ 8 ಎಲೆಗಳು, ಅಂದರೆ 16 ಪುಟಗಳು. ಕನ್ನಡ ಪುಸ್ತಕಗಳಲ್ಲಿ ಕಾಣುವ ‘ಕ್ರೌನ್ 1/8’ ಇದೇ. ಅಂಚು ಕತ್ತರಿಸಿದ ಮೇಲೆ ಸುಮಾರು 18 ಸೆಂ.ಮೀ. ‘ಡೆಮಿ 1/8’ ಆದರೆ ಸುಮಾರು 22.

ಇಲ್ಲೊಂದು ಗಣಿತದ ಪಾಠವೂ ಉಂಟು. ಹತ್ತು ಪುಸ್ತಕ 18 ಸೆಂ.ಮೀ., ಹತ್ತು ಪುಸ್ತಕ 22 ಸೆಂ.ಮೀ. ಇದ್ದರೆ ಸರಾಸರಿ 20. ಆದರೆ ಆ ಅಳತೆಯ ಪುಸ್ತಕ ಒಂದೂ ಇಲ್ಲ! ಸರಾಸರಿ ನಂಬಿ ಹಲಗೆ ಹೊಡೆಸಿದರೆ ಅರ್ಧ ಪುಸ್ತಕಗಳು ನೆಟ್ಟಗೆ ನಿಲ್ಲವು. ಇಂಥಲ್ಲಿ ನೋಡಬೇಕಾದದ್ದು ಹೆಚ್ಚು ಸಲ ಬರುವ ಅಂಕಿಯನ್ನು, ಅಂದರೆ ಬಹುಲಕವನ್ನು. ಮಕ್ಕಳು ರಜೆಯಲ್ಲಿ ಮನೆಯ ಪುಸ್ತಕಗಳನ್ನು ಅಳೆದು ಪಟ್ಟಿ ಮಾಡಲಿ. ಬಡಗಿಗೆ ಉತ್ತರ ಸಿದ್ಧವಾಗುತ್ತದೆ.