ತಂಗಡಿ ಗಿಡ

ತಂಗಡಿ ಅಥವಾ ಆವರಿಕೆಯು ಭಾರತ ಮತ್ತು ಶ್ರೀಲಂಕಾದ ಒಣಪ್ರದೇಶಗಳಲ್ಲಿ ಸಹಜವಾಗಿ ಬೆಳೆಯುವ ನಿತ್ಯಹರಿದ್ವರ್ಣದ ಪೊದೆಸಸ್ಯ. ಇದು ಫ್ಯಾಬೇಸಿಯೇ ಕುಟುಂಬಕ್ಕೆ ಸೇರಿದೆ. ವೈಜ್ಞಾನಿಕ ಹೆಸರು ಸೆನ್ನಾ ಆರಿಕ್ಯುಲೇಟಾ. 1753ರಲ್ಲಿ ಲಿನೇಯಸ್ ಇದನ್ನು ಕ್ಯಾಸಿಯಾ ಕುಲದಲ್ಲಿರಿಸಿದ್ದನು. ಎಲೆದಂಟಿನ ಬುಡದಲ್ಲಿರುವ ಕಿವಿಯಾಕಾರದ ಅಗಲವಾದ ಪುಚ್ಛಪತ್ರಗಳಿಂದ ಆ ಹೆಸರು ಬಂದಿದೆ. ತೆಲಂಗಾಣದ ರಾಜ್ಯಪುಷ್ಪವೂ ಇದೇ. ತೊಗಟೆಯಲ್ಲಿ ಟ್ಯಾನಿನ್ ಹೇರಳವಾಗಿರುವುದರಿಂದ ಹಿಂದೆ ಚರ್ಮ ಹದಮಾಡಲು ಇದನ್ನು ಬಹಳವಾಗಿ ಬಳಸುತ್ತಿದ್ದರು.

ನೆಲೆ

ಗದಗ ಜಿಲ್ಲೆಯ ಲಕ್ಕುಂಡಿ, ಮುಂಡರಗಿ, ಶಿರಹಟ್ಟಿ ಭಾಗದಲ್ಲಿ ಮಳೆ ಕಡಿಮೆ. ಎರೆ ಭೂಮಿಯ ಜೊತೆಗೆ ಮಸಾರಿ ಮತ್ತು ಗರಸು ನೆಲವೂ ಇದೆ. ನೀರು ನಿಲ್ಲದ ಮಸಾರಿ, ಮಡ್ಡಿ ನೆಲಗಳು ತಂಗಡಿಗೆ ಹೇಳಿಮಾಡಿಸಿದಂತಿವೆ. 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಕಪ್ಪತಗುಡ್ಡದಂಥ ಕುರುಚಲು ಕಾಡು ಇದರ ಸಹಜ ನೆಲೆ. ಆ ಕಾಡಿನ ಜೀವಿಗಳಲ್ಲಿ ಕೆಲವನ್ನಾದರೂ ಹಿತ್ತಲಿಗೆ ಕರೆತರಬೇಕೆನ್ನುವವರಿಗೆ ಇಷ್ಟು ಸುಲಭವಾದ ಗಿಡ ಬೇರೊಂದು ಸಿಗುವುದು ಕಷ್ಟ.

ಹೂವು ಮತ್ತು ದುಂಬಿಗಳು

ಕೊಂಬೆಗಳ ತುದಿಯಲ್ಲಿ ಗೊಂಚಲಾಗಿ ಅರಳುವ ಹಳದಿ ಹೂವುಗಳಲ್ಲಿ ಮಕರಂದವಿಲ್ಲ. ಅವು ದುಂಬಿಗಳಿಗೆ ಕೊಡುವುದು ಪರಾಗವನ್ನು ಮಾತ್ರ. ಹತ್ತು ಕೇಸರಗಳಲ್ಲಿ ಮೇಲಿನ ಮೂರು ಬಂಜೆ. ಉಳಿದವುಗಳ ಪರಾಗಕೋಶಗಳು ಸೀಳಿ ತೆರೆದುಕೊಳ್ಳದೆ ತುದಿಯ ಸಣ್ಣ ರಂಧ್ರದ ಮೂಲಕವೇ ಪರಾಗವನ್ನು ಹೊರಬಿಡುತ್ತವೆ. ಒಣಮರವನ್ನು ಕೊರೆದು ಗೂಡು ಮಾಡುವ ಕಪ್ಪು ಬಡಗಿ ದುಂಬಿ ಹೂವನ್ನು ಅಪ್ಪಿ ಹಿಡಿದು, ಹಾರಾಟದ ಸ್ನಾಯುಗಳನ್ನು ಕಂಪಿಸಿದಾಗ ಪರಾಗ ಚಿಮ್ಮಿ ಬೀಳುತ್ತದೆ. ಆಗ ಕೇಳಿಸುವ ಝೇಂಕಾರ ಹಾರುವಾಗಿನ ಸದ್ದಿಗಿಂತ ಬೇರೆಯಾದದ್ದು. ಜೇನುನೊಣಗಳಿಗೆ ಹೀಗೆ ಕಂಪಿಸಲು ಬಾರದು. ಬದನೆಯ ಹೂವೂ ಇದೇ ಬಗೆಯದಾದ್ದರಿಂದ, ತಂಗಡಿಯ ಬೇಲಿ ಸಾಕಿದ ದುಂಬಿಗಳು ಪಕ್ಕದ ಬದನೆಯ ಮಡಿಗೂ ಉಪಕಾರಿ.

ಮಾಟಲ್ಡ್ ಎಮಿಗ್ರಂಟ್ ಚಿಟ್ಟೆಯ ಮರಿಹುಳುಗಳಿಗೆ ತಂಗಡಿಯ ಎಲೆ ಆಹಾರ. ಹಸಿರು ಹುಳು ಎಲೆಯ ಬಣ್ಣದಲ್ಲೇ ಮರೆಯಾಗಿರುತ್ತದೆ. ಕೊರೆದ ಎಲೆಯನ್ನು ಕಂಡ ಮೇಲೆಯೇ ಅದು ಗಮನಕ್ಕೆ ಬರುವುದು. ಇಲ್ಲಿಯೇ ಅನೇಕ ತೋಟಗಾರರು ತಪ್ಪುತ್ತಾರೆ: ಎಲೆ ತೂತಾಯಿತೆಂದು ಕೀಟನಾಶಕ ಸಿಂಪಡಿಸಿದರೆ ಚಿಟ್ಟೆಗೆಂದು ನೆಟ್ಟ ಗಿಡವೇ ಚಿಟ್ಟೆಯನ್ನು ಕೊಲ್ಲುವ ಬಲೆಯಾಗುತ್ತದೆ. ಹುಳು ತಿಂದ ಗಿಡ ಸಾಮಾನ್ಯವಾಗಿ ಮತ್ತೆ ಚಿಗುರುತ್ತದೆ.

ಬೆಳೆಸುವ ಕ್ರಮ

ಚಪ್ಪಟೆಯಾದ ಕಾಯಿಗಳು ಕಂದುಬಣ್ಣಕ್ಕೆ ತಿರುಗಿ ಒಣಗಿದಾಗ ಬೀಜ ಸಂಗ್ರಹಿಸಬೇಕು. ಬೀಜದ ಸಿಪ್ಪೆ ಗಟ್ಟಿಯಾಗಿರುವುದರಿಂದ ಹಾಗೆಯೇ ಬಿತ್ತಿದರೆ ಮೊಳಕೆ ಬಿಡಿಬಿಡಿಯಾಗಿ, ತಡವಾಗಿ ಬರುತ್ತದೆ. ಕುದಿಸಿ ಕೆಳಗಿಳಿಸಿದ ನೀರಿನಲ್ಲಿ ಹಾಕಿ ರಾತ್ರಿಯಿಡೀ ನೆನೆಸುವುದು ಅಥವಾ ಸಿಪ್ಪೆಯನ್ನು ಮರಳುಕಾಗದದಿಂದ ಉಜ್ಜುವುದು ಉತ್ತಮ. ಬೇರು ಆಳಕ್ಕಿಳಿಯುವ ಗಿಡವಾದ್ದರಿಂದ ಮುಂಗಾರಿನ ಆರಂಭದಲ್ಲಿ ನಿಗದಿತ ಜಾಗದಲ್ಲೇ ಬಿತ್ತುವುದು ಲೇಸು. ಬೇಲಿಗಾದರೆ ಸುಮಾರು ಒಂದು ಮೀಟರ್ ಅಂತರ ಸಾಕು. ಮೊದಲ ಬೇಸಿಗೆಯಲ್ಲಿ ಆಗಾಗ ನೀರುಣಿಸಿದರೆ ಮುಂದೆ ಮಳೆಯೇ ಸಾಲುತ್ತದೆ. ಎರೆ ಭೂಮಿಯಲ್ಲಿ ನೀರು ನಿಲ್ಲದಂತೆ ಬದುವಿನ ಮೇಲೆ ನೆಡಬೇಕು. ಆಡು, ದನಗಳು ಇದನ್ನು ಅಷ್ಟಾಗಿ ಮೇಯುವುದಿಲ್ಲ.

ದ್ವಿದಳ ಸಸ್ಯಗಳ ಕುಟುಂಬಕ್ಕೆ ಸೇರಿದ್ದರೂ ತಂಗಡಿಯ ಬೇರುಗಳಲ್ಲಿ ಸಾರಜನಕ ಹಿಡಿಯುವ ಗಂಟುಗಳಿರುವುದಿಲ್ಲ. ಆದರೂ ಇದರ ಸೊಪ್ಪನ್ನು ಹಸಿರೆಲೆ ಗೊಬ್ಬರವಾಗಿ ಬಳಸುವ ರೂಢಿಯಿದೆ. ಸವರುವ ಕೆಲಸವನ್ನು ಕಾಯಿ ಬಲಿತ ಮೇಲೆ ಮಾಡಬೇಕು. ಬಡಗಿ ದುಂಬಿಗಳು ಗೂಡು ಕಟ್ಟಲು ಒಂದೆರಡು ಒಣದಿಮ್ಮಿ ಅಥವಾ ಬಿದಿರಿನ ತುಂಡುಗಳನ್ನು ಹತ್ತಿರದಲ್ಲಿ ಬಿಡಬಹುದು.

ಹೋಲುವ ಸಸ್ಯಗಳು

ಹಳದಿ ಹೂವಿನ ಸೆನ್ನಾಗಳೆಲ್ಲವೂ ಸ್ಥಳೀಯವಲ್ಲ. ಅಮೆರಿಕ ಮೂಲದ ಸೆನ್ನಾ ಸ್ಪೆಕ್ಟಾಬಿಲಿಸ್ ಮರವು ಬಂಡೀಪುರ, ನಾಗರಹೊಳೆ ಕಾಡುಗಳಲ್ಲಿ ಹಬ್ಬಿ, ಹುಲ್ಲು ಮತ್ತು ಇತರ ಗಿಡಗಳನ್ನು ಅಡಗಿಸಿದೆ. ಸಸಿ ಕೊಳ್ಳುವಾಗ ಕಿವಿಯಂಥ ಪುಚ್ಛಪತ್ರವನ್ನು ನೋಡಿ ತಂಗಡಿಯನ್ನು ಗುರುತಿಸಬಹುದು.