ಶಿರೋಭಿಘಾತವೂ ಅರಳುಮರಳೂ

ಅರವತ್ತಕ್ಕೆ ಅರಳುಮರಳೆಂಬ ನಾಣ್ಣುಡಿಯು ಕನ್ನಡ ನಾಡಿನಲ್ಲೆಲ್ಲ ಪ್ರಸಿದ್ಧವಾದುದು. ಈ ಜೋಡುನುಡಿಯ ಉತ್ತರಪದಕ್ಕೆ ‘ಮರುಳ್’ ಶಬ್ದದೊಡನೆ ನಂಟುಂಟೆಂದೂ ಪೂರ್ವಪದವು ಪ್ರಾಸಕ್ಕಾಗಿ ಬಂದುದೆಂದೂ ನನ್ನ ಊಹೆ. ಇದೇ ಹೆಸರಿನ ಬೇಂದ್ರೆಯವರ ಸಂಕಲನಕ್ಕೆ 1958ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆತುದು ವಾಚಕರಿಗೆ ವಿದಿತವೇ. ಲೋಕರೂಢಿಯಲ್ಲಾದರೋ ಈ ಮಾತು ಮರವೆಯ ಹೊರೆಯನ್ನೆಲ್ಲ ವಯಸ್ಸಿನ ಮೇಲೆ ಹೊರಿಸಿ ಕಾರಣವಿಚಾರವನ್ನು ಅಲ್ಲಿಗೇ ಮುಗಿಸಿಬಿಡುತ್ತದೆ. ಈಗಿನ ವೈದ್ಯಶಾಸ್ತ್ರವು ಇದಕ್ಕೆ ಸಮ್ಮತಿಸುವುದಿಲ್ಲ. ಮರವೆಗೆ ಕಾರಣವಾಗಬಲ್ಲವುಗಳಲ್ಲಿ ಎಂದೋ ತಲೆಗೆ ಬಿದ್ದ ಪೆಟ್ಟೂ ಒಂದೆಂದು ಅದು ಹೇಳುತ್ತದೆ.

ನಮ್ಮ ಪ್ರಾಚೀನರು ಆ ಪೆಟ್ಟನ್ನು ಲಘುವಾಗಿ ಎಣಿಸಿದವರಲ್ಲ. ಹೃದಯ, ಬಸ್ತಿ, ಶಿರಸ್ಸು ಇವನ್ನು ಮೂರು ಪ್ರಧಾನ ಮರ್ಮಗಳೆಂದು ಗಣಿಸುವ ಚರಕಸಂಹಿತೆಯು ಶಿರಸ್ಸಿಗೆ ಅಭಿಘಾತವಾದಲ್ಲಿ ಮೋಹ, ಮೂಕತ್ವ, ಗದ್ಗದತ್ವ ಮುಂತಾದುವು ತೋರುವುವೆನ್ನುತ್ತದೆ. ಇಷ್ಟರಿಂದಲೇ ಸಕಲವೂ ನಮ್ಮವರಿಗೆ ತಿಳಿದಿತ್ತೆನ್ನುವುದು ಸಾಹಸವಾದೀತು. ಪೆಟ್ಟು ಬಿದ್ದು ದಶಕಗಳು ಕಳೆದ ಮೇಲಣ ಸ್ಮೃತಿನಾಶದ ಮಾತು ಆ ಪಟ್ಟಿಯಲ್ಲಿಲ್ಲ.

1928ರಲ್ಲಿ ಅಮೆರಿಕದ ಮಾರ್ಟ್‌ಲೆಂಡ್ ಎಂಬ ವೈದ್ಯನು ಮುಷ್ಟಿಮಲ್ಲರ ಬುದ್ಧಿವಿಕಾರವನ್ನು ವರ್ಣಿಸಿದನು. ಪೆಟ್ಟಿನ ಸೆಳೆತಕ್ಕೆ ಮಿದುಳಿನ ನರತಂತುಗಳು ಹರಿಯುತ್ತವೆ. ಅವುಗಳಿಗೆ ಆಧಾರವಾಗಿದ್ದ ಟೌ ಎಂಬ ಪ್ರೋಟೀನು ಸ್ಥಾನಭ್ರಷ್ಟವಾಗಿ ಗಂಟುಕಟ್ಟುತ್ತದೆ. ಡೆನ್ಮಾರ್ಕಿನ ಸುಮಾರು 28 ಲಕ್ಷ ಜನರ ದಾಖಲೆಗಳನ್ನು ಶೋಧಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಿದುಳಿಗೆ ಪೆಟ್ಟು ಬಿದ್ದವರಿಗೆ ಇತರರಿಗಿಂತ ಈ ರೋಗದ ಸಂಭವವು ಶೇಕಡಾ 24ರಷ್ಟು ಅಧಿಕವೆಂದು ಕಂಡಿತು. ಪೆಟ್ಟುಗಳ ಸಂಖ್ಯೆ ಹೆಚ್ಚಿದಂತೆ ಸಂಭವವೂ ಹೆಚ್ಚಿತು. ಪೆಟ್ಟು ಬಿದ್ದವರೆಲ್ಲರೂ ಮರವೆಗೆ ಈಡಾಗುವರೆಂದು ಇದರ ಅರ್ಥವಲ್ಲ.

ಬೆಂಗಳೂರಿಗೆ ಇದು ದೂರದ ಮಾತಲ್ಲ. ಸರ್ಕಾರಿ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಒಂದಾಗಿ ಆದ ನಿಮ್ಹಾನ್ಸ್, ಜಯನಗರದ ಮಗ್ಗುಲಲ್ಲೇ ಹೊಸೂರು ರಸ್ತೆಯ ಮೇಲಿದೆ. ದ್ವಿಚಕ್ರವಾಹನದಿಂದ ಬಿದ್ದು ತಲೆಯೊಡೆದುಕೊಂಡ ತರುಣರನ್ನು ಅಲ್ಲಿಗೆ ಕರೆತರುತ್ತಾರೆ. ಗಾಯ ಮಾಯ್ದು ಮನೆಗೆ ಹೋದ ತರುಣನ ಲೆಕ್ಕವು ಅಂದಿಗೆ ತೀರಿತೆಂದು ನಾವು ಬಗೆಯುತ್ತೇವೆ.

ಮುದುಕರ ವಿಷಯದಲ್ಲಿ ಇನ್ನೊಂದು ಸಂಗತಿಯುಂಟು; ಅಧ್ಯಾಪಕರಾದ ವಾಚಕರು ಇದನ್ನು ನಾಲ್ಕು ಮನೆಗಳಿಗೆ ತಿಳಿಸಿದರೆ ಉಪಕಾರವಾದೀತು. ಬಚ್ಚಲಲ್ಲಿ ಜಾರಿ ತಲೆ ತಗುಲಿದ ಸಣ್ಣ ಪೆಟ್ಟಿನಿಂದಲೇ ಮಿದುಳಿನ ಹೊರಪೊರೆಯ ಕೆಳಗೆ ರಕ್ತವು ಮೆಲ್ಲಮೆಲ್ಲನೆ ಸೇರುವುದುಂಟು. ಕೆಲವು ವಾರಗಳ ತರುವಾಯ ನಡಿಗೆ ತೊಡರುತ್ತದೆ, ಮಾತು ತಪ್ಪುತ್ತದೆ, ಮನೆಯವರ ಗುರುತು ಮಸುಕಾಗುತ್ತದೆ. ಅಷ್ಟರಲ್ಲಿ ಜಾರಿ ಬಿದ್ದುದನ್ನು ಎಲ್ಲರೂ ಮರೆತಿರುತ್ತಾರೆ. ಅರಳುಮರಳೆಂಬ ಹೆಸರು ಮಾತ್ರ ಸಿದ್ಧವಾಗಿರುತ್ತದೆ. ತಲೆಯ ಸ್ಕ್ಯಾನ್ ಮಾಡಿಸಿದಲ್ಲಿ ಆ ರಕ್ತವು ಕಾಣಿಸುತ್ತದೆ. ಕಪಾಲದಲ್ಲಿ ಕಿರಿದಾದ ರಂಧ್ರವನ್ನು ಕೊರೆದು ಅದನ್ನು ಹೊರತೆಗೆದರೆ ಅನೇಕರಿಗೆ ಬುದ್ಧಿಯು ಮರಳುತ್ತದೆ.