ಕೊರಳಪಟ್ಟಿಯೊಳಗಣ ಹೆಸರು

ಸಿಂಧನೂರಿನಿಂದ ಲಿಂಗಸುಗೂರಿನ ಕಡೆಗೆ ಸಾಗುವ ಪಥಿಕನಿಗೆ, ಎಡದಂಡೆ ಕಾಲುವೆಯ ನೀರುಂಡ ಭತ್ತದ ಗದ್ದೆಗಳು ಹಿಂದುಳಿದು ಬಂಡೆಗಲ್ಲಿನ ಗುಡ್ಡಗಳು ತಲೆಯೆತ್ತತೊಡಗುವಲ್ಲಿ ಮಸ್ಕಿ ಎದುರಾಗುತ್ತದೆ. 1915ರಲ್ಲಿ ಚಿನ್ನದ ನೆಲೆಯನ್ನರಸಿ ಬಂದ ಬೀಡನ್ ಎಂಬ ಇಂಜಿನಿಯರು ಇಲ್ಲಿ ಕಂಡ ಶಿಲಾಶಾಸನದ ಹಿರಿಮೆಯೆಲ್ಲವೂ ಒಂದೇ ಪದದಲ್ಲಿ ಅಡಗಿದೆ: ಅದುವರೆಗೆ ದೊರೆತ ಧರ್ಮಲಿಪಿಗಳಲ್ಲಿ ದೇವಾನಾಂಪ್ರಿಯನೆಂದೂ ಪ್ರಿಯದರ್ಶಿಯೆಂದೂ ಬಿರುದುಗಳಿಂದ ಮಾತ್ರ ಕರೆಯಿಸಿಕೊಂಡಿದ್ದ ಅರಸನು ಇಲ್ಲಿ ಅಶೋಕನೆಂಬ ತನ್ನ ಹೆಸರಿನಿಂದಲೇ ಕಾಣಿಸಿಕೊಂಡನು.

ಕಲ್ಲು ಹೆಸರನ್ನು ಕಾಯ್ದುಕೊಂಡಿತು; ಬಟ್ಟೆಗೆ ಆ ಭಾಗ್ಯವಿಲ್ಲ. ಮುಂದಿನ ಲಿಂಗಸುಗೂರನ್ನು ಹಳಬರು ಇಂದಿಗೂ ಛಾವಣಿಯೆಂದು ಕರೆಯುವುದುಂಟು. 1853ರ ಒಪ್ಪಂದದ ಮೇರೆಗೆ ರಾಯಚೂರು ದೋಆಬು ಇಂಗ್ಲಿಷರ ಆಡಳಿತಕ್ಕೊಳಪಟ್ಟು 1860ರಲ್ಲಿ ನಿಜಾಮರಿಗೆ ಮರಳಿತು; ಆ ಕಾಲದಲ್ಲಿ ಹೈದರಾಬಾದ್ ಕಾಂಟಿಂಜೆಂಟ್ ಸೇನೆಯ ದಂಡು ಇಲ್ಲಿ ಬೀಡುಬಿಟ್ಟಿತ್ತು. ಆ ಸಿಪಾಯಿಗಳು ತೊಟ್ಟ ಅಂಗಿಯ ಒಂದು ತೋಳನ್ನಾದರೂ ಈ ಊರಿನಲ್ಲಿ ತೋರಿಸಬಲ್ಲವರನ್ನು ನಾನು ಕಂಡಿಲ್ಲ. ಬೆವರು, ಬಿಸಿಲು, ನುಸಿ, ಕಡೆಗೆ ಬಡತನ: ಹಳೆಯ ಬಟ್ಟೆ ಮಗುವಿನ ಕುಲಾವಿಯಾಗಿ, ಕೌದಿಯ ತೇಪೆಯಾಗಿ, ಒಲೆಯ ಮಸಿಬಟ್ಟೆಯಾಗಿ ತನ್ನ ಸೇವೆಯನ್ನು ಮುಗಿಸಿಬಿಡುತ್ತದೆ. ಆದುದರಿಂದಲೇ ಸೈನಿಕರ ಉಡುಪುಗಳನ್ನು ಹುಡುಕಿ, ಗುರುತಿಸಿ, ಕಾಪಾಡುವ ವಿದ್ಯೆಯೊಂದು ಲೋಕದಲ್ಲಿ ಬೆಳೆದು ಬಂದಿದೆ. ಮೇಲುನೋಟಕ್ಕೆ ಹುಡುಗಾಟವೆಂದು ತೋರಿದರೂ ಅದರ ಹಿಂದೆ ಸಾಕಷ್ಟು ಪಾಂಡಿತ್ಯವಿದೆ.

ಸೈನಿಕನನ್ನು ನೆಲದ ಬಣ್ಣದಲ್ಲಿ ಮರೆಸುವ ಯೋಚನೆಗೆ ನಮ್ಮ ನಾಡಿನ ನಂಟು ಹಳೆಯದು. ಖಾಕಿಯೆಂಬ ಮಾತು ಧೂಳೆಂಬ ಅರ್ಥದ ಪಾರಸಿ ಶಬ್ದದಿಂದ ಬಂದುದು. ಅದರ ಮೊದಲ ಕೀರ್ತಿಯನ್ನು ಪೇಶಾವರದ ಗೈಡ್ಸ್ ಪಡೆಗೆ ಸಲ್ಲಿಸುವವರಿದ್ದಾರೆ. ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ 1850ರ ದಶಕದಲ್ಲಿ ಜಾನ್ ಹಾಲರನು ಬೇಯಿಸಿ ತೆಗೆದ ಬಣ್ಣಕ್ಕೆ ಸಲ್ಲಿಸುವವರೂ ಇದ್ದಾರೆ. ನನ್ನ ಪಕ್ಷಪಾತ ಮಂಗಳೂರಿನ ಕಡೆಗೆಂಬುದನ್ನು ಮುಚ್ಚಿಡಲಾರೆ.

ಖಾಕಿಯ ಏಕವರ್ಣವು ಚುಕ್ಕೆ, ಪಟ್ಟೆ, ಎಲೆಗಳ ಮರೆಬಣ್ಣಕ್ಕೆ ಎಡೆಗೊಟ್ಟ ಮೇಲೆ ಸಂಗ್ರಾಹಕರಿಗೆ ಅಕ್ಷಯಪಾತ್ರೆಯಾದ ದೇಶ ಇಂಡೊನೇಷ್ಯ. ಆ ದ್ವೀಪಗಳಿಗೂ ಕನ್ನಡ ನಾಡಿಗೂ ಏನು ಸಂಬಂಧವೆಂದು ಕೇಳಬಹುದು. 1945ರ ಅಕ್ಟೋಬರಿನಲ್ಲಿ ಜಾವಾದ ಸುರಬಾಯಾ ಬಂದರಿನಲ್ಲಿ ಇಳಿದ 49ನೆಯ ಭಾರತೀಯ ಬ್ರಿಗೇಡಿನಲ್ಲಿ, ಬೆಳಗಾವಿಯನ್ನು ತನ್ನ ಮನೆಯಾಗಿ ಉಳ್ಳ ಮರಾಠಾ ಲಘು ಪದಾತಿದಳದ ಎರಡು ಪಟಾಲಮುಗಳಿದ್ದವು. ಬ್ರಹ್ಮದೇಶದ ಕಾಡುಗಳ ಯುದ್ಧವು ಖಾಕಿಯನ್ನು ಕಳಚಿಸಿ ತೊಡಿಸಿದ ಹಸಿರು ದಿರಿಸಿನವರು ಅವರು; ಎದುರಿಗೆ ನಿಂತವರೋ ಸ್ವಾತಂತ್ರ್ಯವನ್ನು ಘೋಷಿಸಿ ಇನ್ನೂ ಮೂರು ತಿಂಗಳು ತುಂಬದ ಜನ, ಜಪಾನೀಯರೂ ಡಚ್ಚರೂ ಬಿಟ್ಟುಹೋದುದರ ಜೊತೆಗೆ ಮನೆಯ ಉಡುಪನ್ನೂ ಸೇರಿಸಿ ತೊಟ್ಟವರು. ಅಲ್ಲಿನ ಕಾಳಗ ತೀವ್ರಗೊಂಡ ನವೆಂಬರ್ 10, ಆ ದೇಶದಲ್ಲಿ ಇಂದು ವೀರರ ದಿನವಾಗಿದೆ.

ಮರೆಬಣ್ಣಕ್ಕೆ ಅವರ ಭಾಷೆಯಲ್ಲಿ ಲೋರೆಂಗ್ ಎಂದು ಹೆಸರು. ಹುಲಿಯ ಮೈಮೇಲಿನ ಪಟ್ಟೆಗೂ ಅದೇ ಮಾತು. ಒಂದೊಂದು ವಿನ್ಯಾಸಕ್ಕೂ ಒಂದೊಂದು ನಾಮಕರಣವಾಗಿದೆ. ಕೆಂಪು ಟೊಪ್ಪಿಗೆಯ ವಿಶೇಷ ಪಡೆಯವರದು ‘ದಾರಾ ಮೆಂಗಾಲಿರ್’, ಎಂದರೆ ಹರಿಯುವ ರಕ್ತ. ಬ್ರಿಟಿಷ್ ಮಾದರಿಯನ್ನನುಸರಿಸಿ 1980ರ ದಶಕದಲ್ಲಿ ಬಂದುದಕ್ಕೆ, 1982ರ ಫಾಕ್‌ಲ್ಯಾಂಡ್ ಯುದ್ಧದ ನೆನಪಿನಿಂದ, ಆ ದ್ವೀಪಗಳ ಸ್ಪ್ಯಾನಿಷ್ ಹೆಸರಾದ ‘ಮಾಲ್ವಿನಾಸ್’ ಎಂಬ ಹೆಸರು ಬಿದ್ದಿತು. ಇನ್ನು ಲಾಂಛನಗಳನ್ನು ಓದತೊಡಗಿದರೆ ಕನ್ನಡಿಗನಿಗೆ ಅನುವಾದಕನ ಅಗತ್ಯವೇ ಬೀಳದು. ನೌಕಾಪಡೆಯ ಧ್ಯೇಯವಾಕ್ಯ ‘ಜಲೇಷ್ವೇವ ಜಯಾಮಹೇ’. ಭೂಸೇನೆಯದು ‘ಕಾರ್ತಿಕ ಏಕ ಪಕ್ಷಿ’. ವಾಯುಸೇನೆಯ ನೆಲಪಡೆಯವರಂತೂ ಕರ್ಮಫಲವನ್ನು ಕುರಿತ ಗೀತೆಯ ಪ್ರಸಿದ್ಧ ಶ್ಲೋಕಾರ್ಧವನ್ನೇ ಧ್ಯೇಯವಾಗಿ ಧರಿಸಿದ್ದಾರೆ. ಬಹುಮಟ್ಟಿಗೆ ಮುಸಲ್ಮಾನರ ದೇಶವೊಂದು ತನ್ನ ಯೋಧರಿಗೆ ಸಂಸ್ಕೃತವನ್ನು ತೊಡಿಸಿ ಯಾವ ಮುಜುಗರಕ್ಕೂ ಒಳಗಾಗದಿರುವುದು ನನಗೆ ಬಹಳ ಹಿಡಿಸಿದ ಸಂಗತಿ. 1972ರ ಅಕ್ಟೋಬರ್ 5ರಂದು ಜಕಾರ್ತದಲ್ಲಿ ತೆರೆದ ಸೇನಾ ವಸ್ತುಸಂಗ್ರಹಾಲಯದ ಹೆಸರು ಕೂಡ ಸತ್ರಿಯಮಂಡಲ, ನಮ್ಮ ಬಾಯಲ್ಲಿ ಕ್ಷತ್ರಿಯಮಂಡಲ.

ಬೇಡಿಕೆಯಿದ್ದಲ್ಲಿ ನಕಲು ತಪ್ಪಿದ್ದಲ್ಲ. ಪರಿಣತನು ಬಣ್ಣಕ್ಕೆ ಮರುಳಾಗದೆ ಉಡುಪನ್ನು ಒಳಮಗ್ಗುಲಿಗೆ ತಿರುಗಿಸುತ್ತಾನೆ: ನೇಯ್ಗೆ ಆ ಕಾಲದ್ದೇ, ಹೊಲಿಗೆಯ ದಾರ ಹತ್ತಿಯದೇ, ಉಗ್ರಾಣದ ಮುದ್ರೆ ಎಲ್ಲಿದೆ? ಅತಿನೇರಳೆ ದೀಪದ ಕೆಳಗೆ ಈಚಿನ ಕೃತಕ ದಾರ ಬೆಳ್ಳಗೆ ಹೊಳೆದು ತನ್ನ ವಯಸ್ಸನ್ನು ತಾನೇ ಒಪ್ಪಿಕೊಳ್ಳುವುದುಂಟು.

ಕಾಪಾಡುವ ಬಗೆಯಲ್ಲಿ ಹೆಚ್ಚಿನ ಪಾಲು ಮಾಡಬಾರದವುಗಳ ಪಟ್ಟಿಯೇ. ಒಗೆಯಬಾರದು, ಬೆವರಿನ ಕಲೆಯೂ ಚರಿತ್ರೆ. ಹಿತ್ತಾಳೆಯ ಗುಂಡಿಗಳನ್ನು ಬಟ್ಟೆಯ ಮೇಲಿಟ್ಟೇ ಉಜ್ಜಬಾರದು. ಪಾಲಿಶು ಸುತ್ತಲೂ ಹಸಿರು ಕಲೆಯನ್ನುಳಿಸುತ್ತದೆ. ಕಬ್ಬಿಣದ ಪಿನ್ನು ಕೂಡದು. ಪ್ರದರ್ಶನದ ಬೆಳಕು 50 ಲಕ್ಸ್ ಮೀರಬಾರದು. ರಾಯಚೂರು ಸೀಮೆಯ ವೈಶಾಖದ ಬಿಸಿಲಂತೂ ಯಾವ ನುಸಿಗಿಂತಲೂ ನಿರ್ದಯಿ. ಹುಳು ಹಿಡಿದಿದ್ದರೆ ಗಾಳಿಯಾಡದ ಚೀಲದಲ್ಲಿ ಕಟ್ಟಿ ಎರಡು ವಾರ ಕೊರೆಯುವ ಶೈತ್ಯದಲ್ಲಿಡುವುದು ಮ್ಯೂಜಿಯಮ್ಮಿನವರ ರೂಢಿ. ಮಡಿಕೆಯ ಗೆರೆಯಲ್ಲಿ ಬಟ್ಟೆ ಮೊದಲು ಸೀಳುವುದರಿಂದ, ಮಡಿಕೆಗಳ ನಡುವೆ ಆಮ್ಲರಹಿತ ಕಾಗದದ ಸುರುಳಿಯನ್ನಿಟ್ಟು, ಕೆಲವು ತಿಂಗಳಿಗೊಮ್ಮೆ ಮಡಿಸುವ ಸ್ಥಳವನ್ನು ಬದಲಿಸತಕ್ಕದ್ದು.

ನಮ್ಮ ಊರುಗಳಲ್ಲಿಯೂ ಸೈನ್ಯದಿಂದ ನಿವೃತ್ತರಾಗಿ ಬಂದವರ ಮನೆಗಳುಂಟು. ಟ್ರಂಕಿನ ತಳದಲ್ಲಿ ಬೇವಿನೆಲೆಯ ನಡುವೆ ಮಲಗಿರುವ ‘ಮಿಲಿಟರಿ ಡ್ರೆಸ್ಸು’ಗಳೂ ಉಂಟು. ಅವನ್ನು ಮುಂದೆಂದಾದರೂ ತೆರೆಯುವ ಮೊಮ್ಮಗನಿಗೆ ಅದು ಯಾರ ಅಂಗಿ, ಯಾವ ಪಟಾಲಮಿನದು, ಯಾವ ಊರಿನಿಂದ ಬಂದುದು ಎಂಬುದು ತಿಳಿಯಬೇಡವೆ? ಬಿಳಿಯ ಹತ್ತಿಪಟ್ಟಿಯ ಮೇಲೆ ಅಷ್ಟನ್ನು ಬರೆದು ಕೊರಳಪಟ್ಟಿಯ ಒಳಗೆ ಸಡಿಲವಾಗಿ ನಾಲ್ಕು ಹೊಲಿಗೆ ಹಾಕಿದರಾಯಿತು. ಬರೆಯುವುದು ಮಾತ್ರ ಸೀಸದಕಡ್ಡಿಯಲ್ಲಿ, ಶಾಯಿ ಹರಡುತ್ತದೆ.